ರಿಫಾಕ್ಸಿಮಿನ್: ಭೇದಿ ಎಂದ ಕೂಡಲೇ ನುಂಗುವ ಮಾತ್ರೆಯಲ್ಲ

ಮಳೆಗಾಲ ಬಂತೆಂದರೆ ಮುಂಬಯಿಯಲ್ಲಿ ಹೊಟ್ಟೆ ಕೆಡುವುದು ಜಾಸ್ತಿ. ಡೊಂಬಿವಲಿ, ಮುಲುಂಡ್ ಕಡೆಯ ನಮ್ಮವರ ಮನೆಗಳಲ್ಲಿ, ಹಿಂದಿನ ಸಲ ಉಳಿದ ರಿಫಾಕ್ಸಿಮಿನ್ ಸ್ಟ್ರಿಪ್ ಹುಡುಕುವುದೂ ಆಗಲೇ. ಸ್ವಲ್ಪ ತಡೆಯಿರಿ. ಅದು ಆಂಟಿಬಯೋಟಿಕ್.

ಮೊದಲು ಎರಡು ವಿಷಯ ನೋಡಿ: ಜ್ವರ ಇದೆಯೇ? ಮಲದಲ್ಲಿ ರಕ್ತ ಇದೆಯೇ? ಒಂದು ಇದ್ದರೂ ಸ್ಟ್ರಿಪ್ ಬದಿಗಿಟ್ಟು ಡಾಕ್ಟರ ಹತ್ತಿರ ಹೋಗಿ. ಈ ಔಷಧ ರಕ್ತಕ್ಕೆ ಸೇರುವುದು ಶೇ. 1ಕ್ಕಿಂತ ಕಡಿಮೆ, ಉಳಿದದ್ದು ಕರುಳಿನಲ್ಲೇ ಕೆಲಸ ಮಾಡಿ ಮಲದ ಜೊತೆ ಹೋಗುತ್ತದೆ. ಹಾಗಾಗಿ ಅಡ್ಡ ಪರಿಣಾಮ ಕಡಿಮೆ, ನಿಜ. ಆದರೆ ಕರುಳಿನ ಗೋಡೆಗೇ ನುಗ್ಗಿದ ಸೋಂಕಿಗೆ ಇದು ಸಾಲದು.

ಜ್ವರ, ರಕ್ತ ಎರಡೂ ಇಲ್ಲವೇ? ಓಆರ್‌ಎಸ್ ಶುರು ಮಾಡಿ. ಒಂದು ಲೀಟರಿನ ಪ್ಯಾಕೆಟ್ ಆದರೆ ಪೂರ್ತಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೇ ಹಾಕಿ. ಎಷ್ಟೋ ಭೇದಿ ಇಷ್ಟರಲ್ಲೇ ನಿಲ್ಲುತ್ತದೆ. ವೈರಸ್‌ನಿಂದ ಬಂದದ್ದಾದರೆ ಆಂಟಿಬಯೋಟಿಕ್ ನುಂಗಿ ಏನೂ ಲಾಭವಿಲ್ಲ.

ಡಾಕ್ಟರು ರಿಫಾಕ್ಸಿಮಿನ್ ಬರೆದರೆ, ಯಾವುದಕ್ಕೆ ಎಂದು ಕೇಳಿ. ಪ್ರಯಾಣದಲ್ಲಿ ಇ. ಕೋಲೈ ಎಂಬ ಬ್ಯಾಕ್ಟೀರಿಯಾದಿಂದ ಬರುವ ಭೇದಿಗೆ, 12 ವರ್ಷ ದಾಟಿದವರಿಗೆ, 200 ಮಿ.ಗ್ರಾಂ. ದಿನಕ್ಕೆ 3 ಸಲ, 3 ದಿನ. ಪದೇ ಪದೇ ಹೊಟ್ಟೆನೋವು, ಭೇದಿ ಕಾಡುವ ಐಬಿಎಸ್ ಎಂಬ ಕರುಳಿನ ತೊಂದರೆ ಇದ್ದ ದೊಡ್ಡವರಿಗೆ 550 ಮಿ.ಗ್ರಾಂ. ದಿನಕ್ಕೆ 3 ಸಲ, 14 ದಿನ. ಲಿವರ್ ಕೆಟ್ಟು ಬುದ್ಧಿ ಮಂಕಾಗುವವರಿಗೆ, ಅದು ಮರುಕಳಿಸದಂತೆ, 550 ಮಿ.ಗ್ರಾಂ. ದಿನಕ್ಕೆ 2 ಸಲ. ಸಾಮಾನ್ಯವಾಗಿ ಮಲ ಸಡಿಲಿಸುವ ಲ್ಯಾಕ್ಟುಲೋಸ್ ಸಿರಪ್ ಜೊತೆಗೆ, ಬಹುಕಾಲ. ಪಕ್ಕದ ಮನೆಯ ಅಜ್ಜನ ಸ್ಟ್ರಿಪ್ ನಿಮಗೆ ಯಾಕೆ ಆಗುವುದಿಲ್ಲ ಎಂದು ಗೊತ್ತಾಯಿತಲ್ವಾ?

ಊಟಕ್ಕೆ ಮೊದಲೋ ನಂತರವೋ, ಯಾವಾಗಲಾದರೂ ಸರಿ.

ಟಿಬಿಗೆ ಕೊಡುವ ರಿಫಾಂಪಿಸಿನ್ ಇದರದೇ ಬಳಗದ್ದು. ಅದು ಮೈಗೆ ಒಗ್ಗದೆ ಅಲರ್ಜಿ ಆಗಿದ್ದರೆ ಮರೆಯದೆ ಹೇಳಿ. ಗರ್ಭಿಣಿಯಾಗಿದ್ದರೆ, ವಾರ್ಫರಿನ್ (ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆ) ಅಥವಾ ಸೈಕ್ಲೋಸ್ಪೊರಿನ್ (ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ) ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ. ವಾಕರಿಕೆ, ತಲೆನೋವು, ತಲೆಸುತ್ತು ಬರಬಹುದು. ಮುಖ ಊದಿದರೆ, ಉಸಿರು ಕಟ್ಟಿದರೆ ತಕ್ಷಣ ಆಸ್ಪತ್ರೆಗೆ ಹೋಗಿ.

ಮಾತ್ರೆ ಶುರು ಮಾಡಿ 24ರಿಂದ 48 ಗಂಟೆಯಾದರೂ ಭೇದಿ ತಗ್ಗದಿದ್ದರೆ ಮತ್ತೆ ತೋರಿಸಿ. ಕೋರ್ಸ್ ಮುಗಿದು ವಾರಗಳ ಮೇಲೆ ನೀರಿನಂಥ ಭೇದಿ ಶುರುವಾದರೂ ಅಷ್ಟೇ. ಆಂಟಿಬಯೋಟಿಕ್ ನಂತರ ಕರುಳಿನಲ್ಲಿ ಸಿ. ಡಿಫಿಸೀಲ್ ಎಂಬ ಬ್ಯಾಕ್ಟೀರಿಯಾ ಬೆಳೆದಿರಬಹುದು. ಆಗ ಭೇದಿ ಕಟ್ಟುವ ಮಾತ್ರೆಯನ್ನು ನೀವೇ ನುಂಗಬೇಡಿ. ಹಳೆಯ ಚೀಟಿ ತೆಗೆದುಕೊಂಡು ಹೋಗಿ, ರಿಫಾಕ್ಸಿಮಿನ್ ಯಾವಾಗ ಮುಗಿಸಿದಿರಿ ಎಂದು ಹೇಳಿ.