ಕಾಸರಗೋಡಿಗೆ ಹೊಸದಾಗಿ ಬಂದವರು ತಿಳಿದಿರಬೇಕಾದ ಸ್ಪರ್ಶದ ಮರ್ಯಾದೆ

ಉದ್ಯೋಗಕ್ಕೋ ನೆಂಟಸ್ತಿಕೆಗೋ ಘಟ್ಟದ ಮೇಲಿನಿಂದ ಕುಂಬಳೆ, ಮಂಜೇಶ್ವರ, ಬದಿಯಡ್ಕಗಳ ಕಡೆಗೆ ಬರುವವರಿಗೆ ಕನ್ನಡ, ತುಳು, ಮಲಯಾಳ, ಕೊಂಕಣಿ, ಬ್ಯಾರಿ ಮಾತನಾಡುವ ಮನೆಗಳು ಒಂದೇ ಓಣಿಯಲ್ಲಿ ಸಿಗುತ್ತವೆ. ಒಂದು ಮನೆಯಲ್ಲಿ ಸಹಜವಾದ ಸಲುಗೆ ಪಕ್ಕದ ಮನೆಯಲ್ಲಿ ಸಲ್ಲದಿರಬಹುದು. ಆದ್ದರಿಂದ ಮೊದಲ ಭೇಟಿಯಲ್ಲಿ ಕೈಜೋಡಿಸಿ ನಮಸ್ಕರಿಸಿ, ಅದಕ್ಕಿಂತ ಹತ್ತಿರ ಬರಬೇಕೋ ಬೇಡವೋ ಎಂಬುದನ್ನು ಎದುರಿನವರಿಗೇ ಬಿಡಬೇಕು. ಮುಸ್ಲಿಂ ಹಿರಿಯರೊಬ್ಬರು ಎರಡೂ ಕೈ ಚಾಚಿದರೆ ನೀವೂ ಎರಡೂ ಕೈ ನೀಡಿ. ಮಹಿಳೆಯರು ತಾವಾಗಿ ಕೈ ಚಾಚದ ಹೊರತು ಪುರುಷರು ಕೈಕುಲುಕಲು ಮುಂದಾಗಬಾರದು. ಗೆಳೆಯರಾದ ಗಂಡಸರು ಹೆಗಲ ಮೇಲೆ ಕೈ ಹಾಕಿಕೊಂಡು ನಡೆಯುವುದು ಇಲ್ಲಿ ಸಾಮಾನ್ಯ ನೋಟ. ಅದಕ್ಕೆ ಬೇರೆ ಅರ್ಥ ಹಚ್ಚಬೇಕಾಗಿಲ್ಲ.

ದೇವಸ್ಥಾನಗಳಲ್ಲಿ ಅರ್ಚಕರು ಪ್ರಸಾದವನ್ನು ಕೈಗೆ ಕೈ ತಾಗದಂತೆ ತುಸು ಮೇಲಿನಿಂದ ಹಾಕುತ್ತಾರೆ. ಬೊಗಸೆಯನ್ನು ತಗ್ಗಿಸಿ ಹಿಡಿಯಿರಿ, ಅವರ ಕೈಯತ್ತ ಎತ್ತಬೇಡಿ. ದೈವಾರಾಧನೆಯ ಭೂತಕೋಲ, ತೆಯ್ಯಂಗಳಲ್ಲಿ ವ್ರತದಲ್ಲಿದ್ದು ಬಣ್ಣ ಹಾಕಿಕೊಂಡವರನ್ನು, ಚಿತ್ರ ತೆಗೆಯುವ ಉತ್ಸಾಹದಲ್ಲಿಯೂ, ಮುಟ್ಟಬಾರದು. ದೈವವೇ ಹತ್ತಿರ ಕರೆದು ಹರಸಿದಾಗ ತಲೆಬಾಗಿದರೆ ಸಾಕು.

ಅಮೆರಿಕದ ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ 1966ರಲ್ಲಿ, ತನ್ನ ದೇಶದವರು ಪರಿಚಿತರೊಡನೆ ಸುಮಾರು 45 ಸೆಂಟಿಮೀಟರಿನಿಂದ 1.2 ಮೀಟರಿನವರೆಗೆ ಅಂತರ ಇಟ್ಟುಕೊಳ್ಳುತ್ತಾರೆಂದು ಬರೆದು, ಈ ಅಳತೆ ಎಲ್ಲ ಸಮಾಜಗಳಿಗೂ ಹೊಂದುವುದಿಲ್ಲವೆಂದೂ ಸೇರಿಸಿದ್ದ. ಸಂಜೆಯ ಮಂಗಳೂರು ಬಸ್ಸಿನಲ್ಲಿ ಆ ಅಳತೆ ಪಾಲಿಸುವುದು ಅಸಾಧ್ಯ. ಆದರೆ ನೂಕುನುಗ್ಗಲಿನಲ್ಲಿಯೂ ಬ್ಯಾಗನ್ನು ಎದೆಯ ಮುಂದಕ್ಕೆ ತಂದುಕೊಂಡು, ಮೇಲಿನ ಕಂಬಿಯನ್ನು ಹಿಡಿದು, ಮಹಿಳೆಯರ ಕಡೆಗೆ ಮೈ ವಾಲದಂತೆ ನಿಲ್ಲುವುದು ಸಾಧ್ಯ, ಅದು ಕರ್ತವ್ಯವೂ ಹೌದು. ದಾರಿ ಬೇಕಾದರೆ ಭುಜ ತಟ್ಟಬೇಡಿ. "ಅಕ್ಕಾ, ಸ್ವಲ್ಪ ಸರಿಯಿರಿ" ಎಂದರೆ ಸಾಲುತ್ತದೆ, ಮಲಯಾಳದವರಾದರೆ "ಚೇಚಿ" ಎಂದು ಕರೆಯಿರಿ. ಕಾಲು ತಾಗಿದರೆ ಹೆಂಗಸರ ಮೈ ಮುಟ್ಟಿ ಕಣ್ಣಿಗೊತ್ತಿಕೊಳ್ಳಲು ಹೋಗದೆ, ನಿಮ್ಮ ಎದೆಯ ಮೇಲೆ ಕೈಯಿಟ್ಟು ಕ್ಷಮೆ ಕೇಳಿ.

ಮಕ್ಕಳ ವಿಷಯದಲ್ಲಿ ನಾವೆಲ್ಲರೂ ಇನ್ನೂ ಕಲಿಯುವುದಿದೆ. ಮದುವೆ, ಉಪನಯನಗಳ ಚಪ್ಪರದಡಿ ನೆಂಟರು ಮಗುವಿನ ಕೆನ್ನೆ ಹಿಂಡುತ್ತಾರೆ, ಬೇಡವೆಂದು ತಾಯಿಯ ಸೆರಗಿನ ಹಿಂದೆ ಅಡಗಿದರೆ "ಮಾವನ ಹತ್ತಿರ ನಾಚಿಕೆಯಾ?" ಎಂದು ಎಳೆದು ಮಡಿಲಲ್ಲಿ ಕೂರಿಸಿಕೊಳ್ಳುತ್ತಾರೆ. ಪ್ರೀತಿಯಿಂದಲೇ ಮಾಡಿದರೂ ಇದು ತಪ್ಪು, ಏಕೆಂದರೆ ತನ್ನ ನಿರಾಕರಣೆಗೆ ಬೆಲೆಯಿಲ್ಲವೆಂದು ಕಲಿತ ಮಗು ಕೆಟ್ಟ ಉದ್ದೇಶದಿಂದ ಮುಟ್ಟುವವರ ಎದುರಿಗೂ ಸುಮ್ಮನಾಗಬಹುದು. ಮಗುವಿನ ಎತ್ತರಕ್ಕೆ ಬಗ್ಗಿ, ಕೈ ಚಾಚಿ ಕಾಯಿರಿ. ಬಂದರೆ ಎತ್ತಿಕೊಳ್ಳಿ, ಬಾರದಿದ್ದರೆ ಹೆಸರು ಕೇಳಿ ಮಾತಾಡಿಸಿ. ಹಿರಿಯರು ಒತ್ತಾಯಿಸುವಾಗ "ಅವಳು ಮತ್ತೆ ಬರುತ್ತಾಳೆ, ಅಜ್ಜಾ" ಎಂದು ಹೆತ್ತವರೇ ನಯವಾಗಿ ನಡುವೆ ಬರಬೇಕು. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳನ್ನು ತಡೆಯುವ 2012ರ ಪೋಕ್ಸೊ ಕಾಯ್ದೆಯ ರಕ್ಷಣೆ 18 ವರ್ಷದೊಳಗಿನ ಎಲ್ಲರಿಗೂ ಇದೆ. ಮಕ್ಕಳ ಸಹಾಯವಾಣಿ 1098.

ನಿಮಗೇ ಯಾರದೋ ಸಲುಗೆ ಇಷ್ಟವಾಗದಿದ್ದರೆ ಒಂದು ಹೆಜ್ಜೆ ಹಿಂದೆ ಸರಿದು ಮಾತು ಮುಂದುವರಿಸಿ. ಹೆಚ್ಚಿನವರಿಗೆ ಅಷ್ಟರಲ್ಲೇ ಅರ್ಥವಾಗುತ್ತದೆ. ಅರ್ಥವಾಗದವರಿಗೆ "ಕೈ ತೆಗೆಯಿರಿ" ಎಂದು ನೇರವಾಗಿ ಹೇಳಿ. ಬಸ್ಸಿನಲ್ಲಾದರೆ ಕಂಡಕ್ಟರನ್ನು ಗಟ್ಟಿಯಾಗಿ ಕರೆಯಿರಿ, ಅಗತ್ಯ ಬಿದ್ದರೆ ತುರ್ತು ಸಹಾಯದ ಸಂಖ್ಯೆ 112ಕ್ಕೆ ಕರೆಮಾಡಿ.