ಮಾತ್ರೆಗೆ ಮೊದಲು ವೀರ್ಯ ಪರೀಕ್ಷೆ

ಬದಿಯಡ್ಕದ ನನ್ನ ಔಷಧಿ ಅಂಗಡಿಯಲ್ಲಿ ದನಿ ತಗ್ಗಿಸಿ ‘ಮಕ್ಕಳಾಗುವ ಮಾತ್ರೆ’ ಕೇಳುವ ತಮ್ಮಂದಿರೇ, ಮೊದಲು ವೀರ್ಯ ಪರೀಕ್ಷೆ ಮಾಡಿಸಿ. ಅದಕ್ಕೆ ಮೊದಲು ಎರಡರಿಂದ ಏಳು ದಿನ ವೀರ್ಯ ಹೊರಹೋಗದಂತೆ ಸಂಯಮ ಬೇಕು. ಮನೆಯಲ್ಲೇ ಸಂಗ್ರಹಿಸಿದರೆ ಡಬ್ಬಿಯನ್ನು ಅಂಗಿಯೊಳಗೆ ಮೈಗೆ ತಾಗಿಸಿಟ್ಟುಕೊಂಡು ಗಂಟೆಯೊಳಗೆ ಲ್ಯಾಬಿಗೆ ತಲುಪಿಸಿ. ವೃಷಣದ ರಕ್ತನಾಳ ಊದಿಕೊಂಡಿದ್ದರೆ ಯಾವ ವಿಟಮಿನ್ನೂ ಅದನ್ನು ಇಳಿಸದು, ತಜ್ಞರಿಗೇ ತೋರಿಸಬೇಕು.

2020ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 2,370 ದಂಪತಿಗಳಿದ್ದರು. ಗಂಡಸರು ಆರು ತಿಂಗಳು ಇಂಥ ಮಾತ್ರೆಗಳಲ್ಲಿರುವ ಸತು (ಜಿಂಕ್), ಫೋಲಿಕ್ ಆಮ್ಲ ನುಂಗಿದರೂ ಹೆರಿಗೆಗಳು ಹೆಚ್ಚಲಿಲ್ಲ. ಹೊಟ್ಟೆಯ ತೊಂದರೆ ಮಾತ್ರ ಹೆಚ್ಚಿತು. ಹಾಗಾಗಿ ಮಾತ್ರೆಯನ್ನು ವೈದ್ಯರು ಬರೆದರಷ್ಟೇ ತೆಗೆದುಕೊಳ್ಳಿ, ಎರಡು ಕಂಪನಿಗಳದ್ದನ್ನು ಬೆರೆಸಬೇಡಿ. ಸಿಗರೇಟು ಬಿಡಿ. ಜಿಮ್‌ನವರು ಕೊಡುವ ಟೆಸ್ಟೋಸ್ಟೆರಾನ್ ಚುಚ್ಚುಮದ್ದಂತೂ ವೀರ್ಯಾಣುಗಳನ್ನೇ ಕಡಿಮೆ ಮಾಡುತ್ತದೆ.

ಹೊಸ ವೀರ್ಯಾಣು ಬೆಳೆಯಲು ಸುಮಾರು ಎರಡೂವರೆ ತಿಂಗಳು ಬೇಕು. ಚಿಕಿತ್ಸೆಯ ಫಲ ಕಾಣಲೂ ಅಷ್ಟು ಕಾಲ ಹಿಡಿಯುವುದರಿಂದ, ಕೊಲ್ಲಿಯಿಂದ ರಜೆಗೆ ಬಂದವರು ಮೊದಲ ವಾರವೇ ಪರೀಕ್ಷೆ ಮುಗಿಸಿಕೊಳ್ಳಿ.