ಅಡಿಕೆ ದರದ ಪಟ್ಟಿ ಹಿಡಿದು ಸಂಖ್ಯಾಶಾಸ್ತ್ರ ಕಲಿತದ್ದು

ಬಿ.ಕಾಂ.ನಲ್ಲಿ ಸಂಖ್ಯಾಶಾಸ್ತ್ರವನ್ನು ಸೂತ್ರ ಉರುಹೊಡೆದು ಪಾಸು ಮಾಡಿದವನು ನಾನು. ಅದು ತಲೆಗೆ ಹತ್ತಿದ್ದು ಶಿವಮೊಗ್ಗದ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯಲು ಸೇರಿದ ಮೇಲೆ. ‘ಏನ್ರೀ, ಈ ತಿಂಗಳು ರಾಶಿ ಸರಾಸರಿ ಎಷ್ಟಕ್ಕೆ ಹೋಯ್ತು?’ ಅಂತ ಮಾಲೀಕರು ಕೇಳುತ್ತಿದ್ದರು. ರಾಶಿ ಅಂದರೆ ಅಡಿಕೆಯ ಒಂದು ದರ್ಜೆ. ಕೃಷಿ ಮಾರಾಟ ವಾಹಿನಿ ಜಾಲತಾಣದಲ್ಲಿ ಆಯಾ ದಿನದ ಆವಕ (ಮಾರುಕಟ್ಟೆಗೆ ಬಂದ ಮಾಲು), ಕನಿಷ್ಠ, ಗರಿಷ್ಠ, ಮೋಡಲ್ (ಹೆಚ್ಚಿನ ಮಾಲು ಮಾರಾಟವಾದ) ದರ ಸಿಗುತ್ತದೆ. ಅದನ್ನೇ ಎಕ್ಸೆಲ್‌ಗೆ ಇಳಿಸಿಕೊಂಡು ಕೂತೆ.

ಎಲ್ಲಕ್ಕಿಂತ ಹೆಚ್ಚು ಹೊತ್ತು ಕಳೆದದ್ದು ಸರಾಸರಿಯ ಮೇಲೇ. ಒಂದು ದಿನ 100 ಕ್ವಿಂಟಲ್ 45,000 ರೂಪಾಯಿಯಂತೆ, ಮರುದಿನ 900 ಕ್ವಿಂಟಲ್ 48,000ದಂತೆ ಮಾರಾಟವಾಯಿತು ಅಂದುಕೊಳ್ಳಿ. ಎರಡು ದರ ಕೂಡಿ ಅರ್ಧ ಮಾಡಿದರೆ 46,500. ಆದರೆ ಕೈಗೆ ಬಂದ ದುಡ್ಡನ್ನು ತೂಕದಿಂದ ಭಾಗಿಸಿದರೆ 47,700. ಮಾಲೀಕರಿಗೆ ಬೇಕಾದ್ದು ಈ ಎರಡನೆಯದು, ತೂಕ ಹಿಡಿದು ತೆಗೆದ ಸರಾಸರಿ. ಇನ್ನು ಸರಕು, ಬೆಟ್ಟೆ, ರಾಶಿ, ಗೊರಬಲು ಹೀಗೆ ಎಲ್ಲ ದರ್ಜೆಯನ್ನೂ ಒಟ್ಟಿಗೆ ಸೇರಿಸಿದರೆ ಯಾವ ಸರಾಸರಿಯೂ ಕೆಲಸಕ್ಕೆ ಬಾರದು. ಇವುಗಳಲ್ಲಿ ದುಬಾರಿಯಾದ ಸರಕು ನಾಲ್ಕು ಮೂಟೆ ಹೆಚ್ಚು ಬಂದರೂ ಸಾಕು, ಯಾವ ಅಡಿಕೆಯ ದರವೂ ಏರದೆ ಸರಾಸರಿ ಮೇಲೆ ಹೋಗುತ್ತದೆ.

ಏರಿಳಿತ ಅಳೆಯಲು ಮಾನಕ ವಿಚಲನೆ ಇದೆ, ಅಂದರೆ ದರಗಳು ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ಆಚೀಚೆ ಇರುತ್ತವೆ ಎಂಬ ಅಳತೆ. ಆದರೆ ಅದನ್ನು ಹಾಗೇ ಹೋಲಿಸಲಾಗದು. 80,000ದ ಮಾಲಿನಲ್ಲಿ 3,000 ಆಚೀಚೆ ಆದರೆ ಶೇ 4ಕ್ಕೂ ಕಡಿಮೆ; 30,000ದ ಮಾಲಿನಲ್ಲಿ 2,000 ಆದರೆ ಶೇ 6ಕ್ಕೂ ಹೆಚ್ಚು. ಎಕ್ಸೆಲ್‌ನಲ್ಲಿ ವಿಚಲನೆಯನ್ನು ಸರಾಸರಿಯಿಂದ ಭಾಗಿಸುವ ಕಾಲಂ ಒಂದನ್ನು ಸೇರಿಸಿದೆ, ಅಷ್ಟೇ.

‘2014ರಲ್ಲಿ ಇದ್ದ ರೇಟು ಮತ್ತೆ ಬರಲ್ಲ ಬಿಡಿ’ ಅನ್ನುವ ಮಾತು ಮಂಡಿಯಲ್ಲಿ ಆಗಾಗ ಬರುತ್ತದೆ. ಅದನ್ನು ಪರೀಕ್ಷಿಸಲು, ಜನ ಕೊಳ್ಳುವ ವಸ್ತುಗಳ ಬೆಲೆ ಎಷ್ಟು ಏರಿದೆ ಎಂದು ತೋರಿಸುವ ಗ್ರಾಹಕ ಬೆಲೆ ಸೂಚ್ಯಂಕ ಹಿಡಿದೆ. 2012ರ ಬೆಲೆಯನ್ನು 100 ಎಂದು ಹಿಡಿದ ಸರಣಿಯಲ್ಲಿ ಅಖಿಲ ಭಾರತ ಸೂಚ್ಯಂಕ 2014ರ ಕೊನೆಗೆ ಸುಮಾರು 119, 2024ರ ಕೊನೆಗೆ ಸುಮಾರು 196. ಅಂದರೆ ಆಗಿನ 50,000 ಹತ್ತು ವರ್ಷದ ಮೇಲೆ 80,000ಕ್ಕೂ ಮಿಗಿಲು. ಆ ಸರಣಿಯಲ್ಲಿ ಸುಮಾರು ಶೇ 46 ಪಾಲು ಆಹಾರ, ಪಾನೀಯಗಳದ್ದಾಗಿತ್ತು. ಮರ ಹತ್ತಿ ಅಡಿಕೆ ಕೊಯ್ಯುವ ಕೊನೆಗೌಡರ ಕೂಲಿ, ಗೊಬ್ಬರದ ಖರ್ಚು ಅದರಿಂದ ತಿಳಿಯುವುದಿಲ್ಲ. ಹಾಗಾಗಿ ಬೆಳೆಗಾರರ ಲಾಭನಷ್ಟಕ್ಕೆ ಇದನ್ನು ಬಳಸುವುದು ನನಗೆ ಸರಿಕಾಣದು.

ಸಹಸಂಬಂಧದ, ಅಂದರೆ ಎರಡು ಸಾಲು ಅಂಕಿಗಳು ಎಷ್ಟರಮಟ್ಟಿಗೆ ಜೊತೆಜೊತೆಗೆ ಏರಿಳಿಯುತ್ತವೆ ಎಂಬ ಅಳತೆಯ ವಿಷಯದಲ್ಲಿ ಹುಷಾರಾಗಿರಬೇಕು. ವರ್ಷದಿಂದ ವರ್ಷಕ್ಕೆ ಏರುತ್ತಲೇ ಹೋಗುವ ಯಾವುದೇ ಎರಡು ಸಾಲನ್ನು ಕೊಟ್ಟರೂ ಎಕ್ಸೆಲ್ 0.9ರ ಆಸುಪಾಸಿನ (ಗರಿಷ್ಠ 1) ಅಂಕಿ ಕೊಟ್ಟುಬಿಡಬಹುದು. ಅದಕ್ಕೇ ನಾನು ದರವನ್ನು ಬಿಟ್ಟು, ಹಿಂದಿನ ತಿಂಗಳಿಗಿಂತ ಎಷ್ಟು ಬದಲಾಯಿತು ಎಂಬುದನ್ನು ತೆಗೆದುಕೊಂಡು ಲೆಕ್ಕ ಹಾಕುತ್ತೇನೆ. ಚೆಂದ ಕಂಡ ಎಷ್ಟೋ ನಂಟು ಅಲ್ಲೇ ಕರಗುತ್ತವೆ.

ಆವಕಕ್ಕೂ ದರಕ್ಕೂ ರಿಗ್ರೆಷನ್ ಗೆರೆ (ಒಂದು ಬದಲಾದಂತೆ ಇನ್ನೊಂದು ಎಷ್ಟು ಬದಲಾಗುತ್ತದೆ ಎಂದು ತೋರಿಸುವ ಗೆರೆ) ಎಳೆಯುವುದು ಸುಲಭ, ಓದುವುದು ಕಷ್ಟ. ಮಾಲು ಹೆಚ್ಚಾದರೆ ದರ ಇಳಿಯುತ್ತದೆ, ನಿಜ. ಆದರೆ ಅಡಿಕೆ ಟೊಮೆಟೊ ಅಲ್ಲ. ಒಣಗಿಸಿದ ಮಾಲು ಮನೆಯಲ್ಲಿ ತಿಂಗಳುಗಟ್ಟಲೆ ಇರುತ್ತದೆ, ದರ ಏರಿತೆಂದು ಕೇಳಿದ ಮೇಲೇ ಎಷ್ಟೋ ಜನ ಮೂಟೆ ಹೊರಗೆ ತೆಗೆಯುವುದು. ಯಾವುದು ಯಾವುದನ್ನು ಎಳೆಯುತ್ತಿದೆ ಎಂದು ಗೆರೆಯ ಇಳಿಜಾರು ಹೇಳದು. ಮಾಲೀಕರಿಗೆ ಕೊಡುವ ತಿಂಗಳ ಹಾಳೆಯಲ್ಲಿ ಆ ಗೆರೆಯನ್ನು ಹಾಕುವುದಿಲ್ಲ. ತೂಕದ ಸರಾಸರಿ, ಶೇಕಡಾ ಏರಿಳಿತ, ಹಣದುಬ್ಬರ ಕಳೆದ ದರ, ಈ ಮೂರನ್ನು ದರ್ಜೆವಾರು ಬರೆದುಕೊಡುತ್ತೇನೆ.